ಬೆಟ್ಟದಾಚೆಯ ಮೃಗ

ಆಸ್ಪತ್ರೆಯ ಸ್ಟೀಲ್ ತಟ್ಟೆಯೊಳಗೆ ದಾಳ ಟಣಟಣ ಉರುಳಿ ಐದಕ್ಕೆ ನಿಂತಿತು. ಅಕ್ಕ ದಿಂಬಿಗೆ ಒರಗಿದ್ದವಳು ಬಗ್ಗಿ ನೋಡಿ, ಅಂತೂ ಸೇತುವೆ ದಾಟಿದೆ ಎಂದಳು. ಅದೇ ಉಸಿರಿನಲ್ಲಿ, ತಮ್ಮನ ಅಂಗಿಗೆ ಮೇಲಿನ ಗುಂಡಿ ಇಲ್ಲದ್ದನ್ನೂ ಕಂಡು ಬೈದಳು. ದರ್ಜಿಯ ತಮ್ಮ ಹೀಗೆ ಓಡಾಡಿದರೆ ಮರ್ಯಾದೆ ಯಾರದು ಹೋಗುವುದು?

ಇದು ಹನ್ನೊಂದು ವರ್ಷದ ಆಟ. ಅವನು ಗಡಿಯಾರ ರಿಪೇರಿಯವನು. ಭಾನುವಾರ ಮಧ್ಯಾಹ್ನ ಅಕ್ಕನ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೂತು ಅವನು ಕಥೆ ಹೇಳುವುದು, ಅವಳು ಆ ಕಥೆಯೊಳಗೆ ಕಾವಲುಗಾರ್ತಿಯಾಗಿ ಊರೂರು ಅಲೆಯುವುದು, ಏನಾಗುವುದೋ ತಿಳಿಯದಲ್ಲಿ ದಾಳ ಹಾಕುವುದು. ಬೇರೆಯವರ ಆಟಗಳಲ್ಲಿ ಮೂಲೆಗೊಬ್ಬ ರಾಕ್ಷಸ, ಕೈಯೆತ್ತಿದರೆ ಮಂತ್ರ. ಅದು ಅವನಿಗೆ ಕಂಡರಾಗದು. ಅವನ ಲೋಕದಲ್ಲಿದ್ದದ್ದು ಒಂದೇ ಮೃಗ. ಅದೂ ಈವರೆಗೆ ಮುಖ ತೋರಿಸಿರಲಿಲ್ಲ. ಕೆಸರಿನಲ್ಲಿ ಒಂದು ಹೆಜ್ಜೆ, ಸುಟ್ಟು ನಿಂತ ಒಂದು ಮರ, ಬೆಟ್ಟದಾಚೆ ಒಂದು ಉಸಿರು, ಅಷ್ಟೇ.

ಮಂತ್ರವೂ ಒಂದೇ. ಮೊದಲ ದಿನ ಅವಳದೇ ಡಬ್ಬಿಯಿಂದ ಹಿತ್ತಾಳೆಯ ಗುಂಡಿಯೊಂದನ್ನು ಆರಿಸಿ ಕೊಟ್ಟು, ಇದನ್ನು ಮುಂದಿಟ್ಟು ಏನು ಕೇಳಿದರೂ ಆಗುತ್ತದೆ, ಆದರೆ ಒಂದೇ ಸಲ ಎಂದಿದ್ದ. ಎರಡು ಬಾರಿ ಕಾವಲುಗಾರ್ತಿ ಸಾಯುವುದರಲ್ಲಿದ್ದಾಗಲೂ ಅಕ್ಕ ಅದನ್ನು ಹೊರತೆಗೆಯಲಿಲ್ಲ. ಜಿಪುಣಿ ಎಂದು ಅವನು ರೇಗಿಸಿದರೆ, ಮೃಗವನ್ನು ಬಚ್ಚಿಟ್ಟುಕೊಂಡವನು ನೀನು, ನನಗೆ ಹೇಳಬೇಡ ಎನ್ನುತ್ತಿದ್ದಳು. ಯಾವಾಗ ತೋರಿಸುತ್ತೀಯೋ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: ಕೊನೆಗೆ.

ಆ ಬೆಳಿಗ್ಗೆ ಡಾಕ್ಟರು ಅವನನ್ನು ವರಾಂಡಕ್ಕೆ ಕರೆದು, ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಹೆಚ್ಚೆಂದರೆ ಹತ್ತು ದಿನ ಎಂದಿದ್ದರು. ಅಕ್ಕನಿಗೆ ಈಗಲೇ ಹೇಳಬೇಡಿ ಎಂದು ಕೈಮುಗಿದು, ಮುಖ ತೊಳೆದುಕೊಂಡು, ನಗುತ್ತಲೇ ಒಳಗೆ ಬಂದಿದ್ದ. ಆದರೆ ಅವಳು ನೋಡದೆ ಹೋದರೆ ಆ ಮೃಗ ಇನ್ನು ಯಾರಿಗೆ?

ಅದಕ್ಕೇ ಸೇತುವೆ ದಾಟಿದ ಮೇಲೆ ಅವನು ಕಥೆಯ ಬೆಟ್ಟದ ಮೇಲಿನ ಮಂಜು ಸರಿಸಿದ. ವರ್ಷಗಟ್ಟಲೆ ತಿದ್ದಿಟ್ಟುಕೊಂಡಿದ್ದ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದ.

"ನೀನು ಬೆಟ್ಟ ಅಂದ್ಕೊಂಡಿದ್ದು ಬೆಟ್ಟ ಅಲ್ಲ ಅಕ್ಕ. ಅದು ಎದ್ದು ನಿಲ್ತಾ ಇದೆ."

ಪಕ್ಕದ ಮಂಚದ ಹೆಂಗಸು ಕೂಡ ಇತ್ತ ಹೊರಳಿದಳು. ಅಕ್ಕ ಮಾತ್ರ ಬೆಚ್ಚಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತಳು. ತಾನು ಮಾಡಿಕೊಂಡ ಎಡವಟ್ಟು ಅವನಿಗೆ ಆಗ ಹೊಳೆಯಿತು.

"ಎಷ್ಟು ದಿನ ಅಂದ್ರು?" ಎಂದಳು.

ಅವನು ಏನೇನೋ ತೊದಲಿದ. ಕಥೆ ತಾನಾಗಿ ಅಲ್ಲಿಗೆ ಬಂತು ಎಂದ.

"ಹನ್ನೊಂದು ವರ್ಷ ಕಾಯಿಸಿದೋನು ಇವತ್ತು ಸುಮ್ನೆ ತೋರಿಸ್ತೀಯೇನೋ?"

ಅವನಿಂದ ತಡೆಯಲಾಗಲಿಲ್ಲ. ಹಾಸಿಗೆಯ ಅಂಚಿಗೆ ಹಣೆಯಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ಅವನ ಅಳು ಇಳಿಯುವವರೆಗೂ ಅಕ್ಕ ತಲೆ ಸವರುತ್ತಿದ್ದಳು. ಆಮೇಲೆ ದಿಂಬಿನಡಿಯಿಂದ ಕರವಸ್ತ್ರ ತೆಗೆದು, ಗಂಟು ಬಿಚ್ಚಿ, ಹಿತ್ತಾಳೆಯ ಗುಂಡಿಯನ್ನು ತಟ್ಟೆಯಲ್ಲಿಟ್ಟಳು. ನನ್ನನ್ನು ಬದುಕಿಸು ಎಂದುಬಿಟ್ಟರೆ ಎಂದು ಅವನು ಹೆದರಿದ.

"ಅದನ್ನ ಮತ್ತೆ ಮಲಗಿಸು," ಎಂದಳು. "ಮುಂದಿನ ಭಾನುವಾರ ಏಳಲಿ. ಅಲ್ಲೀವರೆಗೆ ನಾನು ಬೆಟ್ಟ ಅಂತಾನೇ ಅಂದ್ಕೊಂಡಿರ್ತೀನಿ."

ಅವನು ಕಣ್ಣೊರೆಸಿಕೊಂಡು ಮಂಜು ಕವಿಸಿದ. ಕಾವಲುಗಾರ್ತಿ ಬಂದ ದಾರಿಯಲ್ಲೇ ಹಿಂದಿರುಗಿದಳು, ಸೇತುವೆಯ ಬಳಿ ಬುತ್ತಿ ಬಿಚ್ಚಿದಳು ಎಂದ. ಆಮೇಲೆ? ಎಂದಳು ಅಕ್ಕ. ಅವನು ಹೇಳುತ್ತ ಹೋದ.

ಬಳಸಿದ ಗುಂಡಿ ಆಟದ ನಿಯಮದಂತೆ ಅವನಿಗೆ ಸೇರಬೇಕು. ಅವನು ಅದನ್ನು ಮುಟ್ಟಲಿಲ್ಲ. ಆಯಾ ತಟ್ಟೆ ಒಯ್ಯಲು ಬಂದಾಗ ಅಕ್ಕನೇ ಗುಂಡಿ ಎತ್ತಿಕೊಂಡು, ಅವನ ಅಂಗಿಯ ಗುಂಡಿಯಿಲ್ಲದ ಮೇಲಿನ ಕಾಜಾಕ್ಕೆ ಹಿಡಿದು, ಒಂದು ಕಣ್ಣು ಕಿರಿದುಮಾಡಿ, ಅಳತೆ ನೋಡಿದಳು.