ಈಜುಕೊಳದ ಹೆಸರು

ಪುರಸಭೆಯ ಹಳೆಯ ಅಧ್ಯಕ್ಷರು ತೀರಿಕೊಂಡು ಇಷ್ಟು ವರ್ಷವಾದರೂ ಅವರ ಹೆಸರು ಊರಲ್ಲಿ ಒಂದು ಮೋರಿಗೂ ಬಿದ್ದಿರಲಿಲ್ಲ. ಬದುಕಿದ್ದಷ್ಟು ದಿನ ಅವರ ಕಾಲೆಳೆದ ಎದುರಾಳಿಗೆ ಮಾತ್ರ ಸೇತುವೆ, ಬಸ್ ನಿಲ್ದಾಣ, ಸಾಲದ್ದಕ್ಕೆ ಒಂದು ಸರ್ಕಲ್ಲು ಬೇರೆ! ಆ ಸೇತುವೆ ದಾಟುವಾಗೆಲ್ಲ ಅಧ್ಯಕ್ಷರ ಹೆಂಡತಿಗೆ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಏನು ಮಾಡೀತು? ಊರಿಗಾಗಿ ಜೀವ ತೇಯ್ದವರು ಈಕೆಯ ಗಂಡ, ಹೆಸರು ನೋಡಿದರೆ ಇನ್ಯಾರದೋ.

ಹೀಗಿರುವಾಗ ಪುರಸಭೆಯವರು ಬಂದು, ಈಜುಕೊಳಕ್ಕೆ ಅಧ್ಯಕ್ಷರ ಹೆಸರಿಡುತ್ತೇವೆ ಎಂದರು. ದೊಡ್ಡಮ್ಮನಿಗೆ (ಊರೆಲ್ಲ ಆಕೆಯನ್ನು ಕರೆಯುವುದೇ ಹಾಗೆ) ಕಣ್ಣು ತುಂಬಿ ಬಂತು. ಊರಲ್ಲಿ ಮಾತ್ರ ಜಟಾಪಟಿ ಶುರುವಾಯಿತು. ಕ್ಷೌರದ ಅಂಗಡಿಯಲ್ಲಿ ಒಬ್ಬನ ಅರ್ಧ ಗಡ್ಡ ಹಾಗೇ ಉಳಿದು, ಉಳಿದ ಹೊತ್ತೆಲ್ಲ ವಾದಕ್ಕೇ ಹೋಯಿತಂತೆ.

"ಕಟ್ಟಿಸಿದವರ ಹೆಸರು ಬೇಡ್ವೇನ್ರಿ?"

"ಇರೋ ಹೆಸರು ನಿಮಗೇನು ಅನ್ಯಾಯ ಮಾಡಿತ್ತು?"

ಇರುವ ಹೆಸರು ಚುಕ್ಕಿ. ಹಿಂದೆ ಅಲ್ಲೊಂದು ಪಾಳು ಹೊಂಡವಿತ್ತು. ಚುಕ್ಕಿ ಎಂಬ ಪುಟ್ಟ ಹುಡುಗಿ ಆಡುತ್ತಾ ಅದರಲ್ಲಿ ಬಿದ್ದು ಮುಳುಗಿದಳು. ಈಜು ಬಾರದೆ ಇನ್ನೊಂದು ಮಗು ಸಾಯಬಾರದು ಎಂದು ಅಧ್ಯಕ್ಷರು ಹಠ ಹಿಡಿದು, ಹೊಂಡ ಮುಚ್ಚಿಸಿ ಕೊಳ ಕಟ್ಟಿಸಿದರು. ಅವಳ ತಾಯಿಗೆ ಅಲ್ಲೇ ಟಿಕೆಟ್ ಕೊಡುವ ಕೆಲಸ ಕೊಡಿಸಿದರು. ಅಂದಿನಿಂದ ಅಲ್ಲೊಂದು ರೂಢಿ. ಮೊದಲ ಸಲ ನೀರಿಗೆ ಜಿಗಿಯುವ ಹಲಗೆ ಹತ್ತಿದ ಮಗು "ಚುಕ್ಕೀ, ನೋಡೇ!" ಎಂದು ಕೂಗಬೇಕು. ಟಿಕೆಟ್ ಕಿಟಕಿಯಿಂದ ತಾಯಿ, "ನೋಡ್ತಾ ಇದ್ದಾಳೆ ಕಂದಾ, ಜಿಗಿ!" ಎನ್ನುತ್ತಾಳೆ. ಆಮೇಲೇ ಜಿಗಿಯುವುದು.

ಆ ತಾಯಿಯನ್ನು ಒಂದು ಮಾತು ಕೇಳದಿದ್ದರೆ ದೊಡ್ಡಮ್ಮನಿಗೆ ಸಮಾಧಾನವಿಲ್ಲ. ಕೊಳಕ್ಕೆ ಹೋಗಿ ಕಿಟಕಿಯ ಮುಂದೆ ನಿಂತಳು. ಏನೋ ಹೇಳಲು ಹೋಗಿ ತೊದಲಿದಳು.

"ಗೊತ್ತಾಯ್ತು ಬಿಡಿ ದೊಡ್ಡಮ್ಮ," ಎಂದಳು ಆಕೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ಧಾರಾಳವಾಗಿ ಹೆಸರಿಡ್ಲಿ. ಅವರಿಲ್ದೇ ಇದ್ದಿದ್ರೆ ಈ ಕೊಳ ಎಲ್ಲಿರ್ತಿತ್ತು, ನಾನೆಲ್ಲಿರ್ತಿದ್ದೆ?"

ಅಬ್ಬಾ, ಇಷ್ಟು ಸಲೀಸಾ! ದೊಡ್ಡಮ್ಮನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅಷ್ಟರಲ್ಲಿ ಈಜು ಮೇಷ್ಟ್ರು ಓಡಿ ಬಂದರು. ಒಳ್ಳೆಯ ಮನುಷ್ಯ, ಆದರೆ ಯಾರನ್ನಾದರೂ ಖುಷಿಪಡಿಸದಿದ್ದರೆ ತಿಂದ ಅನ್ನ ಅರಗದು. "ಸರಿಯಾದ ಹೊತ್ತಿಗೆ ಬಂದ್ರಿ ದೊಡ್ಡಮ್ಮ! ಈಗಿಂದ್ಲೇ ಅಭ್ಯಾಸ ಆಗ್ಲಿ ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೀನಿ. ಕೇಳಿ!"

ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ನಡುಗುತ್ತಾ ಹಲಗೆ ಹತ್ತಿ ಕೂಗಿದಳು: "ಅಧ್ಯಕ್ಷರೇ, ನೋಡೀ!"

ದೊಡ್ಡಮ್ಮನ ಮೈ ಜುಮ್ಮೆಂದಿತು. ಎಷ್ಟು ದಿನವಾಗಿತ್ತು ಯಾರಾದರೂ ಅವರನ್ನು ಹೀಗೆ ಬಾಯ್ತುಂಬ ಕರೆದು! ಆ ಸಂತೋಷದಲ್ಲೇ ಕಿಟಕಿಯ ಕಡೆ ತಿರುಗಿದಳು. ಆ ತಾಯಿ ಅಭ್ಯಾಸಬಲದಿಂದ ಬಾಯಿ ತೆರೆದಿದ್ದಳು. ಮೆಲ್ಲಗೆ ಬಾಯಿ ಮುಚ್ಚಿಕೊಂಡು, ಹರಿದಾಗಿದ್ದ ಟಿಕೆಟ್ಟನ್ನೇ ಮತ್ತೆ ಹರಿಯತೊಡಗಿದಳು.



"ಯಾರೂ ಏನೂ ಹೇಳ್ಲೇ ಇಲ್ಲ," ಎಂದಿತು ಮಗು ಮೇಲಿಂದ, ಅಳು ಬಂದ ದನಿಯಲ್ಲಿ. "ಜಿಗೀಲಾ, ಬೇಡ್ವಾ?"

ಮೇಷ್ಟ್ರು ದೊಡ್ಡಮ್ಮನ ಮುಖ ನೋಡಿದರು. ಹೌದಲ್ಲ, ಈಗ ಉತ್ತರ ಹೇಳಬೇಕಾದವಳು ಆಕೆಯೇ. ನೋಡ್ತಾ ಇದ್ದಾರೆ ಎಂದುಬಿಟ್ಟರೆ ಮುಗಿಯಿತು. ಹೆಸರು ಗಂಡನದು, ಉತ್ತರ ತನ್ನದು. ಹೇಳಬೇಕೆಂಬ ಆಸೆ ನಾಲಿಗೆಯ ತುದಿಯವರೆಗೂ ಬಂತು. ಸುಳ್ಳು ಯಾಕೆ, ಅಷ್ಟು ಆಸೆಯಿತ್ತು ಆಕೆಗೆ. ಆದರೆ ಕಿಟಕಿಯೊಳಗಿನ ಆ ಬಗ್ಗಿದ ತಲೆ ನೋಡಿ ಕರುಳು ಚುರುಕ್ ಎಂದಿತು.

"ಮೇಷ್ಟ್ರೇ, ನಿಮಗೇನು ತಲೆ ಕೆಟ್ಟಿದೆಯಾ?" ಎಂದು ಗದರಿದಳು. "ಆ ಮನುಷ್ಯನಿಗೆ ಮೊಣಕಾಲುದ್ದ ನೀರು ಕಂಡ್ರೂ ಜೀವ ಹೋಗ್ತಿತ್ತು. ಅವರನ್ನ ಇಲ್ಲಿಗ್ಯಾಕೆ ಕರೀತೀರಿ? ಪುರಸಭೆಗೆ ನಾನೇ ಹೇಳ್ತೀನಿ, ಬೇಡ ಅಂತ." ಆಮೇಲೆ ಮೇಲೆ ನೋಡಿ, "ಪುಟ್ಟಾ, ಮೊದಲಿನ ಥರಾನೇ ಕೂಗು," ಎಂದಳು. ಇನ್ನೆಲ್ಲಿ ಬರುತ್ತೆ ಅವರ ಹೆಸರು?

"ಚುಕ್ಕೀ, ನೋಡೇ!"

ಕಿಟಕಿಯಲ್ಲಿ ತಲೆ ಎದ್ದಿತು. ಆ ತಾಯಿ ಒಮ್ಮೆ ಕೊಳದ ಕಡೆ ನೋಡಿದಳು, ಒಮ್ಮೆ ದೊಡ್ಡಮ್ಮನ ಕಡೆ.

"ನೋಡ್ತಾ ಇದ್ದಾರೆ ಕಂದಾ," ಎಂದು ಗಟ್ಟಿಯಾಗಿ ಕೂಗಿದಳು. "ಇಬ್ಬರೂ ನೋಡ್ತಾ ಇದ್ದಾರೆ. ಜಿಗಿ!"