ಭುಜದೊಳಗೆ ಕೂತ ಸುಣ್ಣ

ಕತ್ತರಿ ಅಕ್ಕನ ಬಲಗೈ ಮೇಲೇಳಲು ಒಲ್ಲೆ ಎನ್ನುತ್ತಿತ್ತು. ಹೆಂಗಸರ ಕೂದಲು ಕತ್ತರಿಸಿ ಸಂಸಾರ ನಡೆಸುವವಳಿಗೆ ಇದಕ್ಕಿಂತ ದೊಡ್ಡ ತಾಪತ್ರಯ ಬೇಕೆ? ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗೋಡೆಯ ಮೊಳೆಗೆ ತೂಗುಹಾಕಿದ ಡ್ರೈಯರ್ ತೆಗೆಯಲೂ ಈಗ ಎಡಗೈಯೇ ಬೇಕು. ಬಲಮಗ್ಗುಲಿಗೆ ಹೊರಳಿದರೆ ಜೀವ ಹೋಗುವಂಥ ನೋವು.

ಅತ್ತೆ ಸುಮ್ಮನೆ ಕೂರುವವಳಲ್ಲ. ಬಿಸಿ ಎಣ್ಣೆ ಹಚ್ಚಿ, ಸೊಸೆಯ ಭುಜವನ್ನು ಹಿಟ್ಟು ನಾದಿದಂತೆ ನಾದಿದಳು. ಕೋತಿ ಹುಣ್ಣು ಬ್ರಹ್ಮರಾಕ್ಷಸ ಎನ್ನುವಂತೆ ನೋವು ಇನ್ನಷ್ಟು ಏರಿತು.

ಡಾಕ್ಟರು ಮೊದಲು ಮಾತ್ರೆ ಕೊಟ್ಟರು, ವ್ಯಾಯಾಮ ಕಲಿಸಿದರು. ಎಷ್ಟೋ ಜನರಿಗೆ ಅಷ್ಟರಲ್ಲೇ ವಾಸಿಯಾಗುತ್ತದೆ. ಇವಳಿಗೆ ಆಗಲಿಲ್ಲ. ತಿಂಗಳುಗಳು ಕಳೆದ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಭುಜದ ಮೂಳೆಯ ಪಕ್ಕ ಬಿಳಿ ಮಚ್ಚೆಯೊಂದು ಕಂಡಿತು.

"ಮಾಂಸಖಂಡವನ್ನ ಮೂಳೆಗೆ ಹಿಡಿದಿಡೋ ಗಟ್ಟಿ ಪಟ್ಟಿ ಇದೆಯಲ್ಲ, ಅದರೊಳಗೆ ಕ್ಯಾಲ್ಸಿಯಂ ಕೂತಿದೆ," ಎಂದರು ಡಾಕ್ಟರು. "ಸೂಜಿ ಹಾಕಿ ತೊಳೆದು ತೆಗೀಬಹುದು. ಮನೇಲಿ ಮಾತಾಡಿ ಬನ್ನಿ."

ಮನೆಯಲ್ಲಿ ಅತ್ತೆ ಸೊಸೆಯ ಹಾಲಿನ ಲೋಟವನ್ನೇ ಎತ್ತಿಟ್ಟಳು. "ಹಾಲು ಹಾಲು ಅಂತ ಕುಡಿದೆ, ಈಗ ಸುಣ್ಣ ಆಗಿದೆ. ಸೂಜಿ ನರಕ್ಕೆ ತಾಗಿದ್ರೆ ಇರೋ ಕೈಯೂ ಹೋಗುತ್ತೆ. ಬೇಡವೇ ಬೇಡ!"

ಸೊಸೆ ಮತ್ತೆ ಡಾಕ್ಟರ ಬಳಿ ಹೋಗಲಿಲ್ಲ. ಸೂಜಿಯೆಂದರೆ ಅವಳಿಗೂ ಅಳುಕೇ.

ಮುಂದಿನ ವಾರ ಪಕ್ಕದ ಮನೆಯ ಟೈಲರಮ್ಮ ಕೂದಲು ಕತ್ತರಿಸಿಕೊಳ್ಳಲು ಬಂದಳು. ಕಿವಿಯ ಹತ್ತಿರ ಕತ್ತರಿ ಆಡುತ್ತಿದ್ದಾಗ ಭುಜದಲ್ಲಿ ಛಳಕ್ ಎಂದಿತು. ಕತ್ತರಿ ಕೈಜಾರಿ ಟೈಲರಮ್ಮನ ಮಡಿಲಿಗೆ ಬಿತ್ತು. ಕತ್ತರಿ ಅಕ್ಕ ಗೋಡೆಗೊರಗಿ ಅತ್ತುಬಿಟ್ಟಳು. "ಅಂಗಡಿ ಮುಚ್ತೀನಿ ಅಕ್ಕಾ. ಯಾರ ಕಿವೀನಾದ್ರೂ ಕತ್ತರಿಸಿಬಿಡ್ತೀನಿ."

"ನನ್ನ ಕಿವಿ ಇದೆ ಬಿಡು, ಓಲೇನೂ ಇದೆ," ಎಂದಳು ಟೈಲರಮ್ಮ. "ನಂಗೂ ಇದೇ ಆಗಿತ್ತು. ಸೂಜಿ ಹಾಕಿಸ್ಕೊಂಡೆ. ನೋಡು ಈಗ." ಕೈಯನ್ನು ನೆಟ್ಟಗೆ ಮೇಲೆತ್ತಿದಳು. "ಒಂದೇ ದಿನಕ್ಕೆ ವಾಸಿ ಆಗಿದ್ದಲ್ಲ, ಅದನ್ನೂ ಹೇಳ್ತೀನಿ. ನಿಮ್ಮತ್ತೇನೂ ಕರ್ಕೊಂಡು ಹೋಗೋಣ. ಅವರೇ ಕೇಳ್ಲಿ."

ಆಸ್ಪತ್ರೆಯಲ್ಲಿ ಅತ್ತೆ ಡಾಕ್ಟರನ್ನು ನೇರವಾಗಿ ಕೇಳಿದಳು: "ಕಣ್ಣಿಗೆ ಕಾಣದ ಜಾಗಕ್ಕೆ ಹೇಗ್ರೀ ಚುಚ್ತೀರಿ?"

"ಕಾಣುತ್ತೆ ಅಮ್ಮ. ಬಸುರಿಯರಿಗೆ ಸ್ಕ್ಯಾನ್ ಮಾಡ್ತೀವಲ್ಲ, ಅದೇ ಮೆಷಿನ್. ಸೂಜಿ ಎಲ್ಲಿದೆ ಅಂತ ಪರದೆ ಮೇಲೆ ನೋಡ್ತಾನೇ ಇರ್ತೀವಿ. ಮರಗಟ್ಟಿಸೋದು ಆ ಜಾಗ ಮಾತ್ರ. ಸೋಂಕಿನಂಥ ತೊಂದರೆ ಅಪರೂಪಕ್ಕೆ ಆಗಬಹುದು, ಇಲ್ಲ ಅನ್ನಲ್ಲ."

"ಹಾಲು?"

"ಹಾಲಿಗೂ ಇದಕ್ಕೂ ಸಂಬಂಧ ಇಲ್ಲ. ಕುಡೀಲಿ ಬಿಡಿ."

ಅತ್ತೆ ಸೊಸೆಯ ಮುಖ ನೋಡಿದಳು. "ನಿನ್ನ ಕೈ, ನಿನ್ನಿಷ್ಟ," ಎಂದಳು. ಅತ್ತೆಯ ಬಾಯಲ್ಲಿ ಅದು ಒಪ್ಪಿಗೆಯೇ.

ಮಂಚದ ಮೇಲೆ ಮಲಗಿದ ಕತ್ತರಿ ಅಕ್ಕನಿಗೆ ಮೊದಲ ಚುಚ್ಚು ಚುರುಕ್ ಎಂದಿತು. ಆಮೇಲೆ ಒತ್ತಿದಂತೆ ಅನಿಸಿತು, ಅಷ್ಟೇ. ಉಪ್ಪುನೀರು ಒಳಗೆ ಹೋಗಿ ಮರಳಿ ಬಂದಾಗ ಸಿರಿಂಜಿನಲ್ಲಿ ಸೀಮೆಸುಣ್ಣ ಕಲಸಿದಂತೆ ಬೆಳ್ಳಗಿತ್ತು. "ಇದೇ ನೋಡಿ ನಿಮ್ಮನ್ನ ಕಾಡಿದ್ದು," ಎಂದರು ಡಾಕ್ಟರು. ಕೊನೆಗೆ ಊತ ಇಳಿಯಲು ಒಂದು ಔಷಧಿ ಹಾಕಿ, ಅಂದೇ ಮನೆಗೆ ಕಳಿಸಿದರು.

ಮರುದಿನ ನೋವು ಜೋರಾಯಿತು. "ನಾನು ಬಡ್ಕೊಂಡೆ, ಕೇಳಿದ್ಯಾ?" ಎಂದಳು ಅತ್ತೆ. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಕತ್ತರಿ ಅಕ್ಕ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟುಕೊಂಡಳು, ಕೊಟ್ಟ ಮಾತ್ರೆ ನುಂಗಿದಳು. ಕೆಲದಿನಕ್ಕೆ ನೋವು ತಗ್ಗಿತು. ವಾರಗಟ್ಟಲೆ ವ್ಯಾಯಾಮ ಮಾಡಿದ ಮೇಲೆ ಭುಜ ಸಡಿಲವಾಯಿತು.

ಒಂದು ಬೆಳಿಗ್ಗೆ ಕತ್ತರಿ ಅಕ್ಕ ಎರಡೂ ಕೈ ಹಿಂದಕ್ಕೊಯ್ದು ತನ್ನ ತುರುಬನ್ನು ತಾನೇ ಕಟ್ಟಿಕೊಂಡಳು. ಅತ್ತೆ ಬಾಗಿಲಲ್ಲೇ ನಿಂತು ನೋಡಿದಳು. "ಇಷ್ಟು ದಿನ ನಿನ್ನ ಒದ್ದಾಡಿಸಿದ್ದು ನಾನೇ ಕಣೇ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಭುಜವೂ ಹೀಗೆ ಹಟ ಹಿಡಿದಿದೆಯೆ? ತಿಕ್ಕಿ ತಿರುಚಬೇಡಿ, ವೈದ್ಯರಿಗೆ ತೋರಿಸಿ. ಎಲ್ಲ ಭುಜನೋವೂ ಸುಣ್ಣದ್ದಲ್ಲ, ಸುಣ್ಣವಿದ್ದವರಿಗೆಲ್ಲ ಸೂಜಿಯೂ ಬೇಕಿಲ್ಲ. ಸೂಜಿ ಬೇಕೆಂದು ವೈದ್ಯರು ಹೇಳಿದರೆ, ನಿಮಗಿರುವ ಸಕ್ಕರೆ ಕಾಯಿಲೆ, ನುಂಗುತ್ತಿರುವ ರಕ್ತ ತೆಳುವಾಗಿಸುವ ಮಾತ್ರೆ, ಎಲ್ಲವನ್ನೂ ಹೇಳಿ. ಅನುಮಾನ ಬಂದದ್ದನ್ನೆಲ್ಲ ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಕೇಳದೆ ಕೂತರೆ ನೋಯುವುದು ನಿಮ್ಮದೇ ಕೈ.