ಸೆರಗಿನ ಗಂಟಿನ ಜೋಳ

"ಮಣಿ ಅಲಗ್ಯಾಡತದ, ಕೆಳಗ ಏನರೆ ಒತ್ತು ಕೊಡ್ರಿ!" ರಂಗೂಬಾಯಿಯ ಹೆಣವನ್ನು ಕೂರಿಸಿ ಹಿಡಿದಿದ್ದ ನೆರೆಮನೆಯ ಸುಲಭಾಬಾಯಿ ಕೂಗಿದಳು. ಯಾರೋ ಹಿತ್ತಲ ಕಟ್ಟಿಗೆಯ ರಾಶಿಯ ಹಿಂದಿನಿಂದ ದುಂಡನೆಯ ಕಲ್ಲೊಂದನ್ನು ಉರುಳಿಸಿ ತಂದು ಮಣೆಯ ಕೆಳಗೆ ತುರುಕಿದರು.

ಇಂದೂ ಅಪ್ಪನ ಅಕ್ಕನಾದ ಈ ಅತ್ತೆಯ ಸೀರೆ ಬಿಡಿಸುತ್ತಿದ್ದಳು. ಸೋಮವಾರ ಉಟ್ಟದ್ದು. ಅವತ್ತು ಒಬ್ಬಳೇ ಅಜ್ಜಿಯ ಸಮಾಧಿಗೆ ಹೋಗಿ ಬಂದವಳೇ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಣ್ಣಲಿಲ್ಲ, ಮಾತಾಡಲಿಲ್ಲ, ಸೀರೆ ಬದಲಿಸಲೂ ಬಿಡಲಿಲ್ಲ. ನಿನ್ನೆ ನಸುಕಿನಲ್ಲಿ ಹೋಗಿಬಿಟ್ಟಿದ್ದಳು.

ಸೆರಗಿನ ಗಂಟು ಬಿಚ್ಚುತ್ತಲೇ ಹಿಡಿ ಜೋಳ ನೆಲಕ್ಕೆ ಚೆಲ್ಲಿತು.

"ಅಯ್ಯ ಶಿವನ! ಅಲ್ಲಿ ಹೋಗಿ ಬೀಸಾಕ ಜ್ವಾಳ ಕಟಗೊಂಡಿದ್ಲೇನ ಮುದುಕಿ?" ಎಂದಳು ಸುಲಭಾಬಾಯಿ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಇಂದೂಗೆ ನಗು ಬರಲಿಲ್ಲ. ಈ ಜೋಳ ಸಮಾಧಿಯ ಮೇಲೆ ಉಳಿಯಬೇಕಾಗಿತ್ತು, ಮನೆಗೆ ಹೇಗೆ ಬಂತು? ಕಾಳು ಆರಿಸಲು ಬಗ್ಗಿದಾಗ ಮಣೆಯ ಕೆಳಗಿನ ಕಲ್ಲು ಕಂಡಿತು. ನಡುವೆ ತೂತು. ಅಂಚಿನಲ್ಲಿ ಚಕ್ಕೆ ಎದ್ದ ಜಾಗ, ಅದರಲ್ಲಿ ಮೆತ್ತಿಕೊಂಡಿದ್ದ ಹಳೆಯ ವಿಭೂತಿ.

ಅಜ್ಜಿಯ ಸಮಾಧಿಯ ಕಲ್ಲು.

*

ಅಜ್ಜಿ ಗಂಗೂಬಾಯಿಯನ್ನು ಇಂದೂ ನೋಡಿದವಳಲ್ಲ. ಅವಳ ಪಾಲಿಗೆ ಅಜ್ಜಿಯೆಂದರೆ ರುದ್ರಭೂಮಿಯ ಆ ಬೀಸುಕಲ್ಲಿನ ಮೇಲಿನ ಹೋಳು. ಸೋಮವಾರ ಸೋಮವಾರ ಅತ್ತೆ ಅವಳನ್ನು ಕರೆದುಕೊಂಡು ಹೋಗಿ, ಕಲ್ಲಿಗೆ ವಿಭೂತಿ ಹಚ್ಚಿ, ಕಾಳು ಹಾಕುವ ಬಾಯಿಗೆ ಹಿಡಿ ಜೋಳ ಸುರಿಯುತ್ತಿದ್ದಳು.

"ಅಪ್ಪ ಪ್ಲೇಗಿನ್ಯಾಗ ಸತ್ತ. ಅವ್ವ ಇದನ್ನ ತಿರುವಿ ತಿರುವಿ, ಕ್ಯಾಂಪಿನ ಸಿಪಾಯಿ ಮಂದಿಗೆಲ್ಲಾ ಬೀಸಿಕೊಟ್ಟು ನಮ್ಮನ್ನ ಸಾಕಿದ್ಲು. ಬಲಗಡಿ ಹೆಗಲು ಮ್ಯಾಲೆದ್ದಿತ್ತು ನೋಡು. ನುಚ್ಚು ಕಡಿಮಿ ಆತು ಅಂತ ಒಬ್ಬ ಹವಾಲ್ದಾರ ತಕರಾರು ತಗದಿದ್ದಕ್ಕ ಹಿಟ್ಟಿನ ಬುಟ್ಟಿ ಅವನ ತಲಿ ಮ್ಯಾಲೆ ಬೋರಲು ಹಾಕಿದ್ಲು!"

"ಅಂಜಿಕಿ ಬರಲಿಲ್ಲೇನ ಆಕಿಗೆ?"

"ನಿನ್ನ ಸಿಟ್ಟು ಆಕೀದ ಅದ ಇಂದೂ. ನೀ ನುಂಗತಿ, ಆಕಿ ನುಂಗತಿದ್ದಿಲ್ಲ." ಆಮೇಲೆ ಅತ್ತೆ ಸಮಾಧಿಯ ಬಲಮಗ್ಗುಲಿನ ಖಾಲಿ ನೆಲವನ್ನು ಅಂಗೈಯಿಂದ ಸವರುತ್ತಿದ್ದಳು. "ನನ್ನ ಇಲ್ಲೇ ಇಡಸವ್ವಾ. ಮರೀಬ್ಯಾಡ."

*

ಒದ್ದೆ ಕೈಯಲ್ಲೇ ಇಂದೂ ಪಡಸಾಲೆಗೆ ಬಂದಳು. ಅವಳ ಅಪ್ಪ, ಬಟ್ಟೆ ಅಂಗಡಿಯ ಮಹಾಲಿಂಗಪ್ಪ, ಮೂಲೆಯಲ್ಲಿ ಪಂಚೆ ಸರಿಪಡಿಸಿಕೊಳ್ಳುತ್ತಿದ್ದ.

"ಅಪ್ಪಾ, ಅಜ್ಜಿ ಕಲ್ಲು ಕಿತ್ತವರು ಯಾರ್ರಿ?"

ತರಗತಿಯಲ್ಲಿ ಹಾಜರಿ ಕೂಗಿದರೂ ದನಿ ಏಳದ ಮಗಳು. ಅವನು ತಬ್ಬಿಬ್ಬಾದ.

"ಮೆಲ್ಲಕ! ನಾನ ಕೀಳಿಸೇನಿ. ಅಲ್ಲಿ ಬಿಳಿ ಸಂಗಮರವರಿ ಕಲ್ಲಿನ ಮಂಟಪ ಕಟ್ಟಸ್ತೇನಿ."

"ಅತ್ತಿ ಸೋಮವಾರ ಹೋಗಿ, ಕಲ್ಲು ಕಾಣದ ಹೊಳ್ಳಿ ಬಂದಾಳ್ರಿ. ಜ್ವಾಳ ಸೆರಗಿನ್ಯಾಗ ಹಂಗ ಅದ."

"ವಯಸ್ಸಾಗಿತ್ತು, ಹೋದ್ಲು. ನಾ ಏನ ಮಾಡ್ಲಿ?" ಹೊರಗೆ ಕುರ್ಚಿಯಲ್ಲಿ ಕೂತಿದ್ದ ಬೆಳಗಾವಿಯ ವಕೀಲ ಮಾರ್ತಾಂಡಪ್ಪನವರ ಕಡೆ ಅವನ ಕಣ್ಣು ಹೋಯಿತು. "ನಮ್ಮವ್ವ ದೇಸಾಯರ ಮಗಳು ಅಂತ ಅವರಿಗೆ ಹೇಳೇನಿ. ಸಮಾಧಿ ಮ್ಯಾಲೆ ಬೀಸುಕಲ್ಲು ಕಂಡ್ರ ತಮ್ಮ ಮಗಗ ನಿನ್ನ ತಗೋತಾರೇನ? ನಿನ್ನ ಸಂಬಂಧ ಕೂಡಲಿ ಅಂತನ ಮಾಡೇನಿ!"

ನನಗಾಗಿ. ಇಂದೂ ಹಲ್ಲು ಕಚ್ಚಿದಳು.

"ಅತ್ತೀನ ಎಲ್ಲಿ ಇಡ್ತೀರಿ?"

"ಗ್ವಾಡಿ ಕಡೆ. ಅವ್ವನ ಮಗ್ಗಲು ಮಂಟಪಕ್ಕ ಬೇಕು. ಈಗ ಬಾಯಿ ಮುಚ್ಚು."

ಅವಳು ತಿರುಗಿ ನಡೆದಳು. ಹಿತ್ತಲಿಗೆ ಹೋಗಿ, ಚೆಲ್ಲಿದ ಕಾಳು ಆರಿಸಿ ತನ್ನ ಸೆರಗಿಗೆ ಕಟ್ಟಿಕೊಂಡು, ಮಣೆ ಖಾಲಿಯಾಗುವವರೆಗೆ ನಿಂತು, ಕಲ್ಲನ್ನು ಎಳೆದು ಟೊಂಕಕ್ಕೆ ಏರಿಸಿಕೊಂಡಳು.

*

ರುದ್ರಭೂಮಿಯವರೆಗೂ ಅವಳು ಕಲ್ಲನ್ನು ಯಾರ ಕೈಗೂ ಕೊಡಲಿಲ್ಲ. ಮುಂದೆ ಹೆಗಲುಗಳ ಮೇಲೆ ಹೂವಿನ ವಿಮಾನದಲ್ಲಿ ಅತ್ತೆ ಕೂತು ಹೋಗುತ್ತಿದ್ದಳು. ಹಿಂದೆ ಹೆಂಗಸರು ಗುಸುಗುಸು ಅನ್ನುತ್ತಿದ್ದರು. "ಹುಡುಗಿಗೆ ತಲಿ ಕೆಟ್ಟದ."

ಗುಂಡಿ ತೋಡುವ ಗೂಳಪ್ಪ ಗೋಡೆಯ ಬದಿ ಆಗಲೇ ಮೊಳಕಾಲುದ್ದ ತೋಡಿದ್ದ.

"ಅಲ್ಲಲ್ಲ, ಇಲ್ಲೆ ತೋಡ್ರಿ ಗೂಳಪ್ಪ," ಎಂದಳು ಇಂದೂ. ಇಡೀ ಮಂದಿ ತಿರುಗಿ ನೋಡಿತು.

ಗುರುತು ಹುಡುಕಬೇಕಾಗಿರಲಿಲ್ಲ. ಕಲ್ಲು ಕಿತ್ತ ತಗ್ಗಿನಲ್ಲಿ ಶ್ರಾವಣದ ಹಸಿಗೆ ಜೋಳದ ಮೊಳಕೆಗಳು ಒತ್ತಾಗಿ ಎದ್ದಿದ್ದವು. ಅತ್ತೆ ಹಾಕುತ್ತ ಬಂದ ಕಾಳು.

"ಗೂಳಪ್ಪಾ, ನಿನ್ನ ಕೆಲಸ ನೀ ಮಾಡು!" ಮಹಾಲಿಂಗಪ್ಪ ಗದರಿದ. "ಇಂದೂ, ಹಿಂದಕ್ಕ ಸರಿ!"

ಸರಿಯಲಿಲ್ಲ. ಮೊಳಕೆಗಳ ಬಲಮಗ್ಗುಲಿಗೆ, ಅತ್ತೆ ಸವರುತ್ತಿದ್ದ ನೆಲದ ಮೇಲೆ ಕೂತುಬಿಟ್ಟಳು.

ಮಾರ್ತಾಂಡಪ್ಪನವರು ಕನ್ನಡಕ ಏರಿಸಿಕೊಂಡರು. "ಏನವ್ವಾ ತಂಗಿ, ಇದು ಏನು ಕಲ್ಲು?"

"ನಮ್ಮಜ್ಜಿ ಬೀಸೂಕಲ್ರೀ," ಇಂದೂ ಅಪ್ಪನ ಮುಖವನ್ನೇ ನೋಡುತ್ತ ಹೇಳಿದಳು. "ಕೂಲಿಗೆ ಬೀಸ್ತಿದ್ಲು. ಅದನ್ನ ತಿಂದು ಇವರು ದೊಡ್ಡವರಾದ್ರು. ಅಕ್ಕನ್ನ ಅವ್ವನ ಮಗ್ಗಲಕ್ಕ ಇಡಾಕ ಇವರಿಗೆ ನಾಚಿಕಿ ಬರತದಂತ್ರಿ."

ಭಜನೆಯ ತಾಳ ನಿಂತಿತು. ಮಾರ್ತಾಂಡಪ್ಪನವರು ತಮ್ಮ ಟಾಂಗಾ ಎಲ್ಲಿದೆಯೆಂದು ಗೇಟಿನತ್ತ ನೋಡಿದರು. ಮಹಾಲಿಂಗಪ್ಪ ಕೈಜೋಡಿಸುತ್ತ ಅವರತ್ತ ಹೋದ.

ಗೂಳಪ್ಪ ಹಾರೆ ಹೆಗಲಿಗಿಟ್ಟುಕೊಂಡು ಈಚೆ ಬಂದ. "ಏಳವ್ವಾ," ಎಂದ. "ತೋಡಬೇಕಲ್ಲ, ಸ್ವಲ್ಪ ಜಾಗ ಬಿಡು."

ಇಂದೂ ಎದ್ದು, ಕಲ್ಲನ್ನು ಮೊಳಕೆಗಳ ಮುಂದೆ ಮೊರಮಿನ ಗಟ್ಟಿ ನೆಲದ ಮೇಲೆ ಮಲಗಿಸಿದಳು. ತನ್ನ ಸೆರಗಿನ ಗಂಟು ಬಿಚ್ಚಿ ಅತ್ತೆಯ ಜೋಳವನ್ನು ಅದರ ಬಾಯಿಗೆ ಸುರಿದಳು. ಎರಡೂ ಕೈ ಊರಿ, ಬಲಹೆಗಲು ಮೇಲೆತ್ತಿ, ಒಂದು ಸುತ್ತು ತಿರುಗಿಸಿದಳು. ಗರಗರ ಸದ್ದು ಹುಟ್ಟಿತು. ಗೂಳಪ್ಪನ ಹಾರೆ ಮಗ್ಗುಲ ನೆಲಕ್ಕೆ ಬಿತ್ತು. ಅವಳು ಇನ್ನೊಂದು ಸುತ್ತು ತಿರುಗಿಸಿದಳು.